ವೈದ್ಯರ ಮೇಲೆ ದೂರು ಬಂದಾಗ ವೈದ್ಯಕೀಯ ಪರಿಷತ್ತು ಏನೇನು ತನಿಖೆ ಮಾಡಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕಿತ್ಸೆಯಲ್ಲಿ ಏನೋ ಎಡವಟ್ಟಾಗಿದೆ ಅನ್ನಿಸಿದಾಗ ಜನ ಮೊದಲು ಕೇಳುವುದು "ಎಲ್ಲಿಗೆ ದೂರು ಕೊಡಬೇಕು?" ಅಂತ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಇರುತ್ತದೆ: "ಕೊಟ್ಟರೆ ಅವರ ಕೈಯಲ್ಲಿ ಏನಾದರೂ ಆಗುತ್ತದಾ?" ಮೊದಲನೆಯದಕ್ಕೆ ಉತ್ತರ ಸುಲಭವಾಗಿ ಸಿಗುತ್ತದೆ. ಎರಡನೆಯದಕ್ಕೆ ಸಿಗುವುದಿಲ್ಲ. ಕೆಲವರು ಪರಿಷತ್ತು ಅಂದರೆ ಪೊಲೀಸ್ ಠಾಣೆ ಇದ್ದ ಹಾಗೆ ಅಂದುಕೊಳ್ಳುತ್ತಾರೆ. ಇನ್ನು ಕೆಲವರು ಅದು ಬರೀ ಸೀಲು ಹಾಕುವ ಕಚೇರಿ ಅನ್ನುತ್ತಾರೆ. ಎರಡೂ ಸರಿಯಲ್ಲ. ಈ ಸಂಸ್ಥೆಗಳಿಗೆ ಕಾನೂನು ಕೊಟ್ಟಿರುವ ಅಧಿಕಾರ ಸಣ್ಣದಲ್ಲ. ಅದು ಎಲ್ಲಿ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ಗೊತ್ತಿದ್ದರೆ ದೂರು ಕೊಡುವವರಿಗೂ ಒಳ್ಳೆಯದು, ಉತ್ತರ ಕೊಡಬೇಕಾದ ವೈದ್ಯರಿಗೂ ಒಳ್ಳೆಯದು.

ವೈದ್ಯಕೀಯ ಪರಿಷತ್ತು ಅಂದರೆ ಯಾರು?

ವೈದ್ಯರ ಹೆಸರನ್ನು ನೋಂದಣಿ ಪಟ್ಟಿಗೆ ಸೇರಿಸುವ, ತಪ್ಪು ಸಾಬೀತಾದರೆ ಅಲ್ಲಿಂದ ತೆಗೆಯುವ ಸಂಸ್ಥೆ. ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ಬ್ರಿಟನ್ನಿನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್. ಅದು 1858ರ ಕಾಯ್ದೆಯಿಂದ ಹುಟ್ಟಿತು, ಈಗ 1983ರ ಮೆಡಿಕಲ್ ಆಕ್ಟ್ ಪ್ರಕಾರ ನಡೆಯುತ್ತದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಒಂದೇ ಸಂಸ್ಥೆ ಇಲ್ಲ, ರಾಜ್ಯಗಳ ಮೆಡಿಕಲ್ ಬೋರ್ಡ್‌ಗಳಿವೆ. ಕೆನಡಾದಲ್ಲಿ ಈ ಕೆಲಸ ಪ್ರಾಂತ್ಯಗಳದ್ದು. ಅಲ್ಲಿನ ಹಲವು ಪ್ರಾಂತ್ಯಗಳಲ್ಲಿ ಈ ಸಂಸ್ಥೆಗೆ ಕಾಲೇಜು ಅನ್ನುತ್ತಾರೆ, ಆದರೆ ಅದು ಪಾಠ ಹೇಳುವ ಜಾಗ ಅಲ್ಲ. ಆಸ್ಟ್ರೇಲಿಯಾದಲ್ಲಿ 2010ರಿಂದ ವೈದ್ಯರು, ನರ್ಸ್‌ಗಳು, ದಂತವೈದ್ಯರು ಎಲ್ಲರೂ ಒಂದೇ ರಾಷ್ಟ್ರೀಯ ಕಾನೂನಿನ ಕೆಳಗೆ ಬರುತ್ತಾರೆ. ಭಾರತದಲ್ಲಿ ರಾಜ್ಯ ವೈದ್ಯಕೀಯ ಪರಿಷತ್ತುಗಳಿವೆ. ಅವುಗಳ ಮೇಲೆ 2020ರ ಸೆಪ್ಟೆಂಬರ್ 25ರಿಂದ ರಾಷ್ಟ್ರೀಯ ವೈದ್ಯಕೀಯ ಆಯೋಗ ಇದೆ.

ಮುಂದಿನ ಉತ್ತರಗಳಲ್ಲಿ ಇವೆಲ್ಲವನ್ನೂ ಸೇರಿಸಿ ಪರಿಷತ್ತು ಅಂತಲೇ ಬರೆದಿದ್ದೇನೆ.

ಪೊಲೀಸರ ತನಿಖೆಗೂ ಪರಿಷತ್ತಿನ ತನಿಖೆಗೂ ಏನು ವ್ಯತ್ಯಾಸ?

ಪರಿಷತ್ತು ಯಾರನ್ನೂ ಬಂಧಿಸುವುದಿಲ್ಲ, ಜೈಲಿಗೆ ಕಳಿಸುವುದಿಲ್ಲ. ಅದು ಕೇಳುವ ಪ್ರಶ್ನೆಯೇ ಬೇರೆ. "ಇವರು ಅಪರಾಧ ಮಾಡಿದರಾ?" ಅಂತ ಪೊಲೀಸರು ಕೇಳುತ್ತಾರೆ. "ಇವರು ನಾಳೆ ಇನ್ನೊಬ್ಬ ರೋಗಿಯನ್ನು ನೋಡುವುದು ಸರಿಯಾ?" ಅಂತ ಪರಿಷತ್ತು ಕೇಳುತ್ತದೆ. ಬ್ರಿಟನ್ನಿನ ಕಾಯ್ದೆ ಸಾರ್ವಜನಿಕರ ರಕ್ಷಣೆಯೇ ಕೌನ್ಸಿಲ್‌ನ ಮುಖ್ಯ ಗುರಿ ಅಂತ ನೇರವಾಗಿ ಹೇಳುತ್ತದೆ.

ಇದರಿಂದ ಪುರಾವೆಯ ಅಳತೆಯೂ ಬದಲಾಗುತ್ತದೆ. ಕ್ರಿಮಿನಲ್ ಕೋರ್ಟಿನಲ್ಲಿ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಬ್ರಿಟನ್ನಿನಲ್ಲಿ ವೈದ್ಯರ ವಿಚಾರಣೆಗೂ ಮೊದಲು ಅದೇ ಅಳತೆ ಇತ್ತು. 2008ರ ಮೇ 31ರಿಂದ ಸಿವಿಲ್ ಅಳತೆ ಬಂತು. ಅಂದರೆ, ಹೀಗೆ ಆಗಿಲ್ಲ ಅನ್ನುವುದಕ್ಕಿಂತ ಆಗಿದೆ ಅನ್ನುವುದೇ ಹೆಚ್ಚು ಸಂಭವ ಅಂತ ಕಂಡರೆ ಸಾಕು. ಕ್ರಿಮಿನಲ್ ಕೇಸಿನಲ್ಲಿ ಖುಲಾಸೆಯಾದ ವೈದ್ಯರ ಮೇಲೆ ಪರಿಷತ್ತು ಕ್ರಮ ಕೈಗೊಳ್ಳಲು ಸಾಧ್ಯವಾಗುವುದು ಇದೇ ಕಾರಣಕ್ಕೆ. ಹೊರಗಿನಿಂದ ನೋಡಿದರೆ ವಿಚಿತ್ರ ಅನ್ನಿಸಬಹುದು, ಆದರೆ ಎರಡೂ ಕಡೆ ಕೇಳುತ್ತಿರುವುದು ಒಂದೇ ಪ್ರಶ್ನೆ ಅಲ್ಲ.

ಯಾರೂ ದೂರು ಕೊಡದೇ ಇದ್ದರೂ ತನಿಖೆ ಶುರುವಾಗಬಹುದಾ?

ಆಗಬಹುದು. ಪತ್ರಿಕೆಯ ವರದಿ, ಕೋರ್ಟಿನ ತೀರ್ಪು, ಪೊಲೀಸರ ಮಾಹಿತಿ, ಆಸ್ಪತ್ರೆ ಕಳಿಸಿದ ಪತ್ರ, ಇವುಗಳಲ್ಲಿ ಯಾವುದರಿಂದಲಾದರೂ ಶುರುವಾಗಬಹುದು. ಆಸ್ಟ್ರೇಲಿಯಾದಲ್ಲಿ ಕೆಲವು ವಿಷಯಗಳನ್ನು ತಿಳಿಸುವುದು ಸಹೋದ್ಯೋಗಿಗಳ ಮತ್ತು ಆಸ್ಪತ್ರೆಯ ಕರ್ತವ್ಯ. ಕುಡಿದು ಅಥವಾ ಮಾದಕ ವಸ್ತು ಸೇವಿಸಿ ಕೆಲಸ ಮಾಡುವುದು, ವೃತ್ತಿಯ ಹೆಸರಿನಲ್ಲಿ ಲೈಂಗಿಕ ದುರ್ನಡತೆ, ರೋಗಿಗಳಿಗೆ ಅಪಾಯ ತರುವಂತಹ ವೈದ್ಯರ ಸ್ವಂತ ಕಾಯಿಲೆ, ವೃತ್ತಿಯ ಮಟ್ಟದಿಂದ ತೀರಾ ಕೆಳಗಿಳಿದ ಚಿಕಿತ್ಸೆ, ಇವು ಆ ಪಟ್ಟಿಯಲ್ಲಿವೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕದಂತೆ ಅದೇ ಕಾನೂನು ರಕ್ಷಣೆಯನ್ನೂ ಕೊಡುತ್ತದೆ.

ಈ ರಕ್ಷಣೆ ಎಲ್ಲ ಕಡೆಯೂ ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಪ್ಪು ಮೊದಲು ಕಣ್ಣಿಗೆ ಬೀಳುವುದು ಪಕ್ಕದಲ್ಲಿ ನಿಂತ ನರ್ಸ್‌ಗೆ ಅಥವಾ ಕಿರಿಯ ವೈದ್ಯರಿಗೆ. ಅವರಿಗೆ ಭಯ ಇದ್ದರೆ ಪರಿಷತ್ತಿಗೆ ಎಷ್ಟೇ ಅಧಿಕಾರ ಇದ್ದರೂ ಅದಕ್ಕೆ ಮಾಡಲು ಕೆಲಸವೇ ಸಿಗುವುದಿಲ್ಲ.

ಆಸ್ಪತ್ರೆಯಿಂದ ಕೇಸ್ ಶೀಟ್, ಇತರ ದಾಖಲೆ ತರಿಸಿಕೊಳ್ಳುವ ಅಧಿಕಾರ ಇದೆಯಾ?

ಇದೆ. ಪರಿಷತ್ತಿನ ನಿಜವಾದ ಬಲ ಇರುವುದೇ ಇಲ್ಲಿ. ದಾಳಿ, ಮುಟ್ಟುಗೋಲು ಇವೆಲ್ಲ ಅಪರೂಪ. ಹೆಚ್ಚಿನ ತನಿಖೆಗಳು ಕಾಗದದ ಮೇಲೆಯೇ ನಡೆಯುತ್ತವೆ: ಕೇಸ್ ಶೀಟ್, ನರ್ಸ್‌ಗಳ ಟಿಪ್ಪಣಿ, ಆಪರೇಷನ್ ಥಿಯೇಟರ್ ನೋಟ್, ಔಷಧಿ ಚೀಟಿ, ಲ್ಯಾಬ್ ವರದಿ, ಒಪ್ಪಿಗೆ ಪತ್ರ. ಯಾವ ಗಂಟೆಗೆ ಯಾರು ಏನು ಬರೆದರು ಅನ್ನುವುದರ ಮೇಲೆ ಇಡೀ ಪ್ರಕರಣ ನಿಲ್ಲಬಹುದು.

ಬ್ರಿಟನ್ನಿನ ಕಾಯ್ದೆಯ 35ಎ ಸೆಕ್ಷನ್ ಇದಕ್ಕೆ ಒಳ್ಳೆಯ ಉದಾಹರಣೆ. ತನಿಖೆಗೆ ಬೇಕಾದ ಮಾಹಿತಿ ಅಥವಾ ದಾಖಲೆ ಯಾರ ಹತ್ತಿರ ಇದೆಯೋ ಅವರಿಂದ ಕೌನ್ಸಿಲ್ ಅದನ್ನು ಕೇಳಬಹುದು. ಆಸ್ಪತ್ರೆ, ಇನ್ನೊಬ್ಬ ವೈದ್ಯರು, ಹೊರಗಿನ ವ್ಯಕ್ತಿ, ಯಾರೇ ಆಗಿರಬಹುದು. ಸುಮ್ನೆ ವಿನಂತಿ ಅಲ್ಲ ಅದು. 14 ದಿನದಲ್ಲಿ ಕೊಡದಿದ್ದರೆ ಕೌನ್ಸಿಲ್ ಕೋರ್ಟಿಗೆ ಹೋಗಿ ಆದೇಶ ತರಬಹುದು. ಕುತೂಹಲದ ವಿಷಯ ಏನೆಂದರೆ, ಈ ಸೆಕ್ಷನ್ ದೂರಿಗೆ ಒಳಗಾದ ವೈದ್ಯರನ್ನೇ ಹೊರಗಿಡುತ್ತದೆ. ಅವರ ವಿರುದ್ಧದ ಪುರಾವೆಯನ್ನು ಅವರಿಂದಲೇ ಬಲವಂತವಾಗಿ ಕೀಳುವ ಬದಲು ಬೇರೆಯವರಿಂದ ತರಿಸಿಕೊಳ್ಳಿ ಅನ್ನುವ ದಾರಿ ಅದು.

ಔಷಧ ಕಂಪನಿಗಳಂತಹ ಮೂರನೆಯವರನ್ನೂ ಕೇಳಬಹುದಾ ಅನ್ನುವ ಪ್ರಶ್ನೆ ಕೆನಡಾದಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕ್ವಿಬೆಕ್ ಪ್ರಾಂತ್ಯದ ಫಾರ್ಮಸಿಸ್ಟ್‌ಗಳ ಸಂಸ್ಥೆ, ಫಾರ್ಮಸಿಸ್ಟ್‌ಗಳಿಗೆ ಸಿಕ್ಕ ರಿಯಾಯಿತಿಗಳ ವಿವರ ಕೊಡಿ ಅಂತ ಒಂದು ಜೆನೆರಿಕ್ ಔಷಧ ಕಂಪನಿಯನ್ನು ಕೇಳಿತು. ಕಂಪನಿ ಒಪ್ಪಲಿಲ್ಲ. 2006ರಲ್ಲಿ ಕೋರ್ಟ್ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ತನಿಖಾಧಿಕಾರಿಯ ಅಧಿಕಾರ ಸ್ವಂತ ಸದಸ್ಯರಿಗಷ್ಟೇ ಸೀಮಿತ ಅಲ್ಲ ಅಂದಿತು. ಇದು ಫಾರ್ಮಸಿಸ್ಟ್‌ಗಳ ಪ್ರಕರಣ ನಿಜ, ಆದರೆ ಅಲ್ಲಿ ವೈದ್ಯರ ಸಂಸ್ಥೆಗೂ ಅದೇ ವೃತ್ತಿ ಸಂಹಿತೆ ಅನ್ವಯಿಸುತ್ತದೆ.

ನನ್ನ ಒಪ್ಪಿಗೆ ಕೇಳದೆ ನನ್ನ ವೈದ್ಯಕೀಯ ದಾಖಲೆ ನೋಡುತ್ತಾರಾ?

ದೂರು ಕೊಟ್ಟವರು ನೀವೇ ಆದರೆ ಸಾಮಾನ್ಯವಾಗಿ ಮೊದಲೇ ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ತೊಡಕು ಬರುವುದು ದೂರು ಕೊಡದೇ ಇದ್ದ ರೋಗಿಗಳ ವಿಷಯದಲ್ಲಿ. ಒಬ್ಬ ವೈದ್ಯರು ಬೇಕಾಬಿಟ್ಟಿ ನೋವಿನ ಮಾತ್ರೆ ಬರೆಯುತ್ತಿದ್ದಾರೆ ಅನ್ನೋಣ. ಅದನ್ನು ತೋರಿಸಲು ಒಬ್ಬರ ದಾಖಲೆ ಸಾಲುವುದಿಲ್ಲ, ಹತ್ತಾರು ಜನರದ್ದು ಬೇಕು. ಆ ಹತ್ತಾರು ಜನ ಯಾರೂ ತನಿಖೆ ಬೇಕು ಅಂತ ಕೇಳಿಲ್ಲ.

ಅಮೆರಿಕದ ಹಿಪಾ ಗೋಪ್ಯತಾ ನಿಯಮಗಳು ಆರೋಗ್ಯ ಕ್ಷೇತ್ರದ ಮೇಲ್ವಿಚಾರಣೆ ಮಾಡುವ ಸಂಸ್ಥೆಗಳಿಗೆ ರೋಗಿಯ ಒಪ್ಪಿಗೆ ಇಲ್ಲದೆಯೂ ಮಾಹಿತಿ ಕೊಡಲು ಅವಕಾಶ ಕೊಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ವೈದ್ಯರ ತನಿಖೆಯ ವೇಳೆ ಮೆಡಿಕಲ್ ಬೋರ್ಡ್, ಅವರು ಬರೆದ ಔಷಧಿಗಳ ವಿವರವನ್ನು ರಾಜ್ಯದ ಡೇಟಾಬೇಸ್‌ನಿಂದ ವಾರಂಟ್ ಇಲ್ಲದೆ ತೆಗೆದು ನೋಡಿತ್ತು. ರೋಗಿಗಳ ಗೋಪ್ಯತೆಗೆ ಧಕ್ಕೆ ಆಯಿತು ಅಂತ ಆ ವೈದ್ಯರು ವಾದಿಸಿದರು. 2017ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಅಪಾಯಕಾರಿ ಔಷಧಿಗಳ ಮೇಲೆ ಕಣ್ಣಿಡುವುದು ಮತ್ತು ಜನರನ್ನು ಕಾಯುವುದು ಸಾಕಷ್ಟು ದೊಡ್ಡ ಕಾರಣ ಅಂತ ಬೋರ್ಡಿನ ಕ್ರಮವನ್ನು ಎತ್ತಿಹಿಡಿಯಿತು. ಬ್ರಿಟನ್ನಿನಲ್ಲಿ ವ್ಯಕ್ತಿಯ ಗುರುತು ಗೊತ್ತಾಗುತ್ತದೆ ಅನ್ನುವ ಕಾರಣಕ್ಕೆ ಕಾನೂನು ಅಡ್ಡ ಬಂದರೆ, ಗುರುತು ಅಳಿಸಿ ದಾಖಲೆ ಕೊಡಿ ಅಂತ ಕೇಳುವ ದಾರಿ ಇದೆ.

ನನ್ನ ಪ್ರಕಾರ ಈ ಎರಡನೆಯ ದಾರಿಯೇ ಮೊದಲ ಆಯ್ಕೆ ಆಗಬೇಕು. ಮನೋವೈದ್ಯರ ಹತ್ತಿರ ಹೇಳಿಕೊಂಡ ಮಾತು, ಎಚ್‌ಐವಿ ವರದಿ, ಗರ್ಭಪಾತದ ದಾಖಲೆ, ಇವೆಲ್ಲ ಹೆಸರಿನ ಸಮೇತ ಇನ್ನೊಂದು ಕಚೇರಿಯ ಮೇಜಿಗೆ ಹೋಗುವುದು ಸಣ್ಣ ವಿಷಯ ಅಲ್ಲ. ಬೇಕಾದಷ್ಟೇ ಕೇಳಬೇಕು, ಬೇಕಾದವರಷ್ಟೇ ನೋಡಬೇಕು.

ಕ್ಲಿನಿಕ್‌ಗೆ ಬಂದು ಹುಡುಕಾಟ ನಡೆಸಬಹುದಾ?

ಇದು ಆಯಾ ದೇಶದ ಕಾನೂನಿನ ಮೇಲೆ ನಿಂತಿದೆ. ಕೆನಡಾದ ಒಂಟಾರಿಯೊದಲ್ಲಿ ವೈದ್ಯರ ಕಾಲೇಜು ವಿಧಿಪೂರ್ವಕವಾಗಿ ತನಿಖಾಧಿಕಾರಿಯನ್ನು ನೇಮಿಸಿದ ಮೇಲೆ, ಆ ಅಧಿಕಾರಿ ವೈದ್ಯರು ಕೆಲಸ ಮಾಡುವ ಜಾಗಕ್ಕೆ ಸರಿಯಾದ ಹೊತ್ತಿನಲ್ಲಿ ಹೋಗಿ ತನಿಖೆಗೆ ಸಂಬಂಧಪಟ್ಟದ್ದನ್ನು ಪರಿಶೀಲಿಸಬಹುದು. ಬಲವಂತವಾಗಿ ಹುಡುಕಬೇಕು ಅಂದರೆ ನ್ಯಾಯಾಧಿಕಾರಿಯಿಂದ ವಾರಂಟ್ ತರಬೇಕು. ಆಸ್ಟ್ರೇಲಿಯಾದಲ್ಲಿ ತನಿಖಾಧಿಕಾರಿ ಒಳಗೆ ಬರುವುದಕ್ಕೆ ಅಲ್ಲಿರುವವರ ಒಪ್ಪಿಗೆ ಅಥವಾ ವಾರಂಟ್ ಬೇಕು. ಅಮೆರಿಕದ ಕೆಲವು ರಾಜ್ಯಗಳಲ್ಲಿ ತನಿಖಾಧಿಕಾರಿಗಳು ರೋಗಿಯ ಸೋಗಿನಲ್ಲಿ ಹೋಗಿ ನೋಡುವುದೂ ಉಂಟು.

ಎಲ್ಲೆ ಎಲ್ಲಿರಬೇಕು ಅನ್ನುವುದಕ್ಕೆ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 1998ರಲ್ಲಿ ಕೊಟ್ಟ ತೀರ್ಪನ್ನು ನೋಡಬೇಕು. ಒಬ್ಬ ವೈದ್ಯರ ಕ್ಲಿನಿಕ್‌ನಲ್ಲಿ ತನಿಖಾಧಿಕಾರಿಗಳು ಔಷಧ ಕಾಯ್ದೆಯ ಅಧಿಕಾರ ಬಳಸಿ ವಾರಂಟ್ ಇಲ್ಲದೆ ಹುಡುಕಿದ್ದರು. ಔಷಧಿ ಇರಬಹುದು ಅನ್ನುವ ಅನುಮಾನ ಇದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು ಅನ್ನುವಷ್ಟು ಅಗಲವಾಗಿತ್ತು ಆ ಕಾನೂನು. ಹಾಗೆ ನೋಡಿದರೆ ಯಾರ ಮನೆಯನ್ನಾದರೂ ಹೊಕ್ಕು ಔಷಧಿ ಪೆಟ್ಟಿಗೆ ತೆರೆಯಬಹುದಿತ್ತು. ವೈದ್ಯರ ವೃತ್ತಿಯನ್ನು ನಿಯಂತ್ರಿಸುವುದು ಸರಿ, ಆದರೆ ಇಷ್ಟು ಕಡಿವಾಣ ಇಲ್ಲದ ಅಧಿಕಾರ ಸಂವಿಧಾನಕ್ಕೆ ಒಪ್ಪುವುದಿಲ್ಲ ಅಂತ ಕೋರ್ಟ್ ಆ ಕಲಮನ್ನೇ ರದ್ದು ಮಾಡಿತು.

ವೈದ್ಯರು ಬಾಯಿ ಬಿಡದೇ ಇದ್ದರೆ?

ಪರಿಷತ್ತಿನ ನೋಟಿಸ್‌ಗೆ ಉತ್ತರ ಕೊಡದೇ ಕೂರುವುದು ಬುದ್ಧಿವಂತಿಕೆ ಅಲ್ಲ. ಸಹಕರಿಸುವುದು ಹಲವು ಕಡೆ ನೋಂದಾಯಿತ ವೈದ್ಯರ ಕರ್ತವ್ಯ. ಒಂಟಾರಿಯೊದ ಕಾಯ್ದೆ ತನಿಖಾಧಿಕಾರಿಗೆ ಪೂರ್ತಿ ಸಹಕಾರ ಕೊಡಬೇಕು ಅಂತ ಬರೆದೇ ಇಟ್ಟಿದೆ. ಮೂಲ ದೂರಿನಲ್ಲಿ ಹುರುಳಿಲ್ಲದಿದ್ದರೂ ಅಸಹಕಾರವೇ ಬೇರೆ ತಪ್ಪಾಗಿ ನಿಲ್ಲಬಹುದು.

ಹಾಗಂತ ವೈದ್ಯರಿಗೆ ರಕ್ಷಣೆಯೇ ಇಲ್ಲ ಅಂತ ಅಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಕಾನೂನಿನಲ್ಲಿ, ಉತ್ತರ ಕೊಟ್ಟರೆ ತಾನೇ ಅಪರಾಧದಲ್ಲಿ ಸಿಕ್ಕಿಕೊಳ್ಳಬಹುದು ಅನ್ನುವುದು ಉತ್ತರ ಕೊಡದಿರಲು ಸರಿಯಾದ ಕಾರಣವಾಗುತ್ತದೆ. ವಕೀಲರ ಜೊತೆ ಆಡಿದ ಮಾತೂ ಸಾಮಾನ್ಯವಾಗಿ ಗೋಪ್ಯ. ಒಂಟಾರಿಯೊದಲ್ಲಿ ಇನ್ನೊಂದು ವ್ಯವಸ್ಥೆ ಇದೆ: ಕಾಲೇಜಿನ ತನಿಖೆಯಲ್ಲಿ ಸಿದ್ಧವಾದ ವರದಿ, ಹೇಳಿಕೆಗಳನ್ನು ಪರಿಹಾರದ ಸಿವಿಲ್ ಕೇಸಿನಲ್ಲಿ ಪುರಾವೆಯಾಗಿ ಬಳಸುವ ಹಾಗಿಲ್ಲ. ವೈದ್ಯರು ಧೈರ್ಯವಾಗಿ ನಿಜ ಹೇಳಲಿ ಅನ್ನುವುದು ಇದರ ಆಶಯ.

ತರಬೇತಿಯಲ್ಲಿರುವ ವೈದ್ಯರು ತಮ್ಮ ತಪ್ಪುಗಳಿಂದ ಕಲಿಯಲು ಬರೆದಿಟ್ಟುಕೊಳ್ಳುವ ಟಿಪ್ಪಣಿಗಳ ಬಗ್ಗೆ ಬ್ರಿಟನ್ನಿನಲ್ಲಿ ದೊಡ್ಡ ಆತಂಕ ಎದ್ದಿತ್ತು. ಇವತ್ತು ಮನಸ್ಸು ಬಿಚ್ಚಿ ಬರೆದದ್ದು ನಾಳೆ ನನ್ನ ಮೇಲೆಯೇ ತಿರುಗಿದರೆ? ಕೊನೆಗೆ 2018ರಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್, ತನಿಖೆಗಾಗಿ ತಾನು ಅಂತಹ ಟಿಪ್ಪಣಿಗಳನ್ನು ಕೇಳುವುದಿಲ್ಲ ಅಂತ ಹೇಳಿತು. ಒಳ್ಳೆಯ ನಿರ್ಧಾರ. ಕಲಿಯುವ ಜಾಗವನ್ನು ಪುರಾವೆ ಹುಡುಕುವ ಜಾಗ ಮಾಡಿದರೆ ಯಾರೂ ನಿಜ ಬರೆಯುವುದಿಲ್ಲ.

ವೈದ್ಯರನ್ನೇ ಪರೀಕ್ಷೆಗೆ ಒಳಪಡಿಸಬಹುದಾ?

ಹೌದು. ಇದು ಹೆಚ್ಚಿನವರಿಗೆ ಗೊತ್ತಿಲ್ಲದ ಅಧಿಕಾರ. ಬ್ರಿಟನ್, ಆಸ್ಟ್ರೇಲಿಯಾ ಎರಡರಲ್ಲೂ ಆರೋಗ್ಯ ತಪಾಸಣೆ ಮತ್ತು ಕೆಲಸದ ಗುಣಮಟ್ಟದ ಪರೀಕ್ಷೆ ಎರಡೂ ಇವೆ. ಮದ್ಯದ ಚಟ, ಮರೆವು, ಮಾನಸಿಕ ಕಾಯಿಲೆ ಇಂತಹ ಅನುಮಾನ ಇದ್ದರೆ ಬೇರೆ ವೈದ್ಯರು ಪರೀಕ್ಷಿಸಿ ವರದಿ ಕೊಡುತ್ತಾರೆ. ಕೌಶಲದ ಬಗ್ಗೆ ಅನುಮಾನ ಇದ್ದರೆ ಅದೇ ಕ್ಷೇತ್ರದ ಅನುಭವಿಗಳು ಅವರ ದಾಖಲೆಗಳನ್ನು ನೋಡುತ್ತಾರೆ, ಜ್ಞಾನವನ್ನು ಪರೀಕ್ಷಿಸುತ್ತಾರೆ. ಕಾಯಿಲೆ ಬಿದ್ದ ವೈದ್ಯರನ್ನು ಶಿಕ್ಷಿಸುವುದು ಇಲ್ಲಿ ಉದ್ದೇಶ ಅಲ್ಲ. ಚಿಕಿತ್ಸೆ ಪಡೆದು, ಕೆಲವು ಷರತ್ತುಗಳ ಜೊತೆ ಕೆಲಸ ಮುಂದುವರಿಸಿದವರು ಬೇಕಾದಷ್ಟು ಜನ ಇದ್ದಾರೆ.

ತನಿಖೆ ಮುಗಿಯುವವರೆಗೆ ಆ ವೈದ್ಯರು ರೋಗಿಗಳನ್ನು ನೋಡುತ್ತಲೇ ಇರುತ್ತಾರಾ?

ಸಾಮಾನ್ಯವಾಗಿ ಹೌದು, ಯಾಕೆಂದರೆ ಆರೋಪ ಇನ್ನೂ ಸಾಬೀತಾಗಿಲ್ಲ. ಆದರೆ ಅಪಾಯ ದೊಡ್ಡದು ಅನ್ನಿಸಿದರೆ ಮಧ್ಯದಲ್ಲೇ ತಡೆಯಬಹುದು. ಬ್ರಿಟನ್ನಿನಲ್ಲಿ ಮಧ್ಯಂತರ ಆದೇಶದ ನ್ಯಾಯಮಂಡಳಿ 18 ತಿಂಗಳವರೆಗೆ ಅಮಾನತು ಮಾಡಬಹುದು ಅಥವಾ ಷರತ್ತು ಹಾಕಬಹುದು. ಅದಕ್ಕಿಂತ ಜಾಸ್ತಿ ಬೇಕಾದರೆ ಹೈಕೋರ್ಟಿಗೆ ಹೋಗಬೇಕು. ಆಸ್ಟ್ರೇಲಿಯಾದ ಕಾನೂನಿನಲ್ಲಿ 156ನೇ ಸೆಕ್ಷನ್ ಕೆಳಗೆ ತಕ್ಷಣದ ಕ್ರಮ ಇದೆ. ಐರ್ಲೆಂಡಿನಲ್ಲಿ ಪರಿಷತ್ತು ತಾನೇ ತಡೆಯುವಂತಿಲ್ಲ, ಹೈಕೋರ್ಟಿನ ಆದೇಶ ಬೇಕು. ಭಾರತದ 2002ರ ನಡತೆ ನಿಯಮಗಳಲ್ಲಿ, ದೂರು ಬಾಕಿ ಇರುವಾಗ ತಕರಾರಿನಲ್ಲಿರುವ ಆ ಒಂದು ವಿಧಾನವನ್ನು ಅಥವಾ ಚಿಕಿತ್ಸೆಯನ್ನು ಮಾಡದಂತೆ ವೈದ್ಯರನ್ನು ತಡೆಯಲು ಪರಿಷತ್ತಿಗೆ ಅಧಿಕಾರ ಇದೆ.

ಇದು ಎರಡು ಅಲಗಿನ ಕತ್ತಿ. ತಡ ಮಾಡಿದರೆ ರೋಗಿಗೆ ಅಪಾಯ. ಅವಸರ ಮಾಡಿದರೆ ನಿರಪರಾಧಿಯ ಹೆಸರು ಹಾಳು. ಆರೋಪ ಎಷ್ಟು ಗಂಭೀರ, ಮರುಕಳಿಸುವ ಸಾಧ್ಯತೆ ಎಷ್ಟು, ಪೂರ್ತಿ ನಿಷೇಧದ ಬದಲು ಷರತ್ತು ಸಾಕಾ, ಇದನ್ನೆಲ್ಲ ತೂಗಿ ನೋಡಬೇಕಾಗುತ್ತದೆ.

ಪೊಲೀಸ್ ಕೇಸೂ ಇದೆ. ಪರಿಷತ್ತು ಕಾಯಬೇಕಾ?

ಕಾಯಲೇಬೇಕು ಅಂತ ಎಲ್ಲ ಕಡೆ ನಿಯಮ ಇಲ್ಲ. ಆದರೆ ಪೊಲೀಸರ ಸಾಕ್ಷಿಗಳಿಗೆ ತೊಂದರೆ ಆಗದಿರಲಿ ಅಂತ ಹಲವು ಸಲ ಕಾಯುತ್ತಾರೆ. ಮಾಹಿತಿ ಹಂಚಿಕೊಳ್ಳುವ ಬಗ್ಗೆ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1999ರಲ್ಲಿ ಒಂದು ಮುಖ್ಯ ತೀರ್ಪು ಕೊಟ್ಟಿದೆ. ಒಬ್ಬ ನರ್ಸ್ ಮೇಲೆ ಪೊಲೀಸರು ಕೇಸು ಹಾಕಲಿಲ್ಲ. ಆದರೂ ಆಕೆ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ನರ್ಸ್‌ಗಳ ನಿಯಂತ್ರಣ ಸಂಸ್ಥೆಗೆ ಕೊಡಬಹುದು ಅಂತ ಕೋರ್ಟ್ ಹೇಳಿತು. ಜನರ ಸುರಕ್ಷತೆಗಾಗಿ ಅದು ಸರಿ, ಆದರೆ ಕೊಡುವ ಮೊದಲು ಆಕೆಗೆ ತಿಳಿಸಿ ಆಕ್ಷೇಪ ಎತ್ತಲು ಅವಕಾಶ ಕೊಡುವುದು ಒಳ್ಳೆಯದು ಅಂದಿತು.

ಭಾರತದಲ್ಲಿ ಈ ಅಧಿಕಾರ ಹೇಗೆ ಕೆಲಸ ಮಾಡುತ್ತದೆ?

ದೂರು ಮೊದಲು ಹೋಗಬೇಕಾದದ್ದು ರಾಜ್ಯ ವೈದ್ಯಕೀಯ ಪರಿಷತ್ತಿಗೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಕಾಯ್ದೆಯ 30ನೇ ಸೆಕ್ಷನ್ ಇದನ್ನು ಹೇಳುತ್ತದೆ. ನಡತೆ ನಿಯಮಗಳು 2002ರವು. 2023ರ ಆಗಸ್ಟ್‌ನಲ್ಲಿ ಹೊಸ ನಿಯಮ ಬಂತು, ಅದೇ ತಿಂಗಳಲ್ಲಿ ಅದನ್ನು ತಡೆಹಿಡಿದರು. ಹಾಗಾಗಿ ಹಳೆಯದೇ ಮುಂದುವರಿಯಿತು.

ಆ ನಿಯಮಗಳಲ್ಲಿ ದೂರುದಾರರು ನೆನಪಿಡಬೇಕಾದ ಕೆಲವು ವಿಷಯಗಳಿವೆ. ವೈದ್ಯರು ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಳ್ಳಬೇಕು. ರೋಗಿ ಅಥವಾ ಅವರ ಅಧಿಕೃತ ಪ್ರತಿನಿಧಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೊಡದೇ ಇದ್ದರೆ ಅದೇ ದುರ್ನಡತೆ. ಕೇಸ್ ಶೀಟ್ ಸಿಗಲಿಲ್ಲ ಅಂತ ದೂರು ಬಿಟ್ಟುಬಿಡುವವರಿಗೆ ಇದು ಗೊತ್ತಿರಬೇಕು. ಕೇಳಿದ ದಿನಾಂಕ ಬರೆದ ಪತ್ರ, ಅದು ತಲುಪಿದ್ದಕ್ಕೆ ಸ್ವೀಕೃತಿ ಇದ್ದರೆ ಆ ನಿರಾಕರಣೆಯನ್ನೇ ದೂರಿನ ಭಾಗ ಮಾಡಬಹುದು.

ಪರಿಷತ್ತು ವಿಚಾರಣೆ ನಡೆಸುವಾಗ ವೈದ್ಯರಿಗೆ ಸ್ವತಃ ಅಥವಾ ವಕೀಲರ ಮೂಲಕ ಹೇಳಿಕೊಳ್ಳುವ ಅವಕಾಶ ಇರಬೇಕು. ವೃತ್ತಿಯ ಸಾಮರ್ಥ್ಯದ ಬಗ್ಗೆ ಪ್ರಶ್ನೆ ಬಂದರೆ ಅದನ್ನು ಅದೇ ವೃತ್ತಿಯ ಗುಂಪು ತೀರ್ಮಾನಿಸಬೇಕು. 6 ತಿಂಗಳಲ್ಲಿ ನಿರ್ಧಾರ ಆಗಬೇಕು ಅಂತ ನಿಯಮದಲ್ಲೇ ಇದೆ. ಮೇಲ್ಮನವಿಯ ವಿಷಯದಲ್ಲಿ ಮಾತ್ರ ಒಂದು ತೊಡಕು ಇದೆ. 2002ರ ನಿಯಮಗಳಿಗೆ ಆಮೇಲೆ ಸೇರಿಸಿದ ಭಾಗ, ನಿರ್ಧಾರದಿಂದ ನೊಂದ ಯಾರೇ ಆದರೂ 60 ದಿನದಲ್ಲಿ ಮೇಲ್ಮನವಿ ಹಾಕಬಹುದು ಅನ್ನುತ್ತದೆ. 2019ರ ಕಾಯ್ದೆಯ ಸೆಕ್ಷನ್ ಮಾತ್ರ ಮೇಲ್ಮನವಿಯ ಜಾಗದಲ್ಲಿ ವೈದ್ಯರನ್ನಷ್ಟೇ ಹೆಸರಿಸುತ್ತದೆ. ರೋಗಿಯ ಕಡೆಯವರಿಗೆ ಇದು ನ್ಯಾಯ ಅಲ್ಲ. ಸೋತ ವೈದ್ಯರಿಗೆ ಇರುವ ಬಾಗಿಲು ಸೋತ ರೋಗಿಗೂ ಇರಬೇಕಲ್ವಾ? ಅವರಿಗೆ ಉಳಿಯುವ ಇನ್ನೊಂದು ದಾರಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ.

ಪರಿಷತ್ತು ಪರಿಹಾರದ ಹಣ ಕೊಡಿಸುತ್ತದಾ?

ಇಲ್ಲ. ಎಚ್ಚರಿಕೆ ಕೊಡುವುದು, ಷರತ್ತು ಹಾಕುವುದು, ಅಮಾನತು ಮಾಡುವುದು, ಹೆಸರು ತೆಗೆಯುವುದು, ಅದರ ಕೆಲಸ ಇಂಥದ್ದು. ಹಣಕ್ಕೆ ಬೇರೆ ಜಾಗಕ್ಕೆ ಹೋಗಬೇಕು. ಭಾರತದಲ್ಲಾದರೆ ಗ್ರಾಹಕ ಆಯೋಗ. ವೈದ್ಯಕೀಯ ಸೇವೆಯೂ ಗ್ರಾಹಕ ಕಾಯ್ದೆಯ ಕೆಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ.

ಲೈಸೆನ್ಸೇ ಇಲ್ಲದ ನಕಲಿ ವೈದ್ಯರ ಮೇಲೆ?

ಪರಿಷತ್ತಿನ ಶಿಸ್ತಿನ ಅಧಿಕಾರ ನೋಂದಣಿ ಪಟ್ಟಿಯಲ್ಲಿ ಇರುವವರ ಮೇಲೆ ಮಾತ್ರ. ಪಟ್ಟಿಯಲ್ಲೇ ಇಲ್ಲದವರ ಹೆಸರನ್ನು ತೆಗೆಯುವುದು ಹೇಗೆ? ಅದು ಅಪರಾಧ, ಪೊಲೀಸರಿಗೆ ಹೋಗಬೇಕು. ಭಾರತದಲ್ಲಿ 2019ರ ಕಾಯ್ದೆಯ ಪ್ರಕಾರ ಇದಕ್ಕೆ 1 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು.

ಸಣ್ಣ ತಪ್ಪಿಗೂ ತನಿಖೆ ನಡೆಯುತ್ತದಾ?

ನಡೆಯಬಾರದು. ಐರ್ಲೆಂಡಿನ ಸುಪ್ರೀಂ ಕೋರ್ಟ್ 2015ರಲ್ಲಿ ಇದನ್ನು ಸ್ಪಷ್ಟ ಮಾಡಿತು. ಒಬ್ಬ ಶಸ್ತ್ರವೈದ್ಯರು ಮಾಡಬೇಕಾದ ಚಿಕಿತ್ಸೆಯ ವಿವರ ಬರೆಯುವಾಗ ಒಂದು ತಪ್ಪು ಮಾಡಿದ್ದರು. ಅದರಿಂದ ಮಗುವಿಗೆ ಬೇರೆಯದೇ ಚಿಕಿತ್ಸೆ ಆಗಿತ್ತು. ಪರಿಷತ್ತು ಅದನ್ನು ಕಳಪೆ ಕೆಲಸ ಅಂತ ತೀರ್ಮಾನಿಸಿತ್ತು. ಒಂದು ಸಲ ಆದ ತಪ್ಪು ವೃತ್ತಿಯ ಶಿಸ್ತುಕ್ರಮಕ್ಕೆ ಬರಬೇಕಾದರೆ ಅದು ಗಂಭೀರವಾಗಿರಬೇಕು ಅಂತ ಕೋರ್ಟ್ ಹೇಳಿತು. ಆ ಮಗುವಿನ ಮನೆಯವರಿಗೆ ಇದು ಕಹಿ ಅನ್ನಿಸುವುದು ಸಹಜ. ಆದರೆ ಪ್ರತಿ ತಪ್ಪಿಗೂ ಲೈಸೆನ್ಸ್ ಹೋಗುವ ಭಯ ಇದ್ದರೆ ತಪ್ಪುಗಳು ಕಡಿಮೆ ಆಗುವುದಿಲ್ಲ, ಮುಚ್ಚಿಹೋಗುತ್ತವೆ.

ಹಳೆಯ ಘಟನೆಯ ಬಗ್ಗೆ ಈಗ ದೂರು ಕೊಡಬಹುದಾ?

ಆದಷ್ಟು ಬೇಗ ಕೊಡಿ. ಬ್ರಿಟನ್ನಿನಲ್ಲಿ ಘಟನೆ ಆಗಿ 5 ವರ್ಷ ದಾಟಿದ್ದರೆ, ಸಾರ್ವಜನಿಕ ಹಿತಕ್ಕೆ ಬೇಕು ಅನ್ನಿಸಿದರೆ ಮಾತ್ರ ಮುಂದುವರಿಸುತ್ತಾರೆ. ಕಾನೂನಿನ ಗಡುವು ಇರಲಿ ಇಲ್ಲದಿರಲಿ, ದಾಖಲೆ ನಾಶವಾದ ಮೇಲೆ ಯಾವ ಅಧಿಕಾರವೂ ಅದನ್ನು ತರಲಾರದು.

ಒಂದು ರಾಜ್ಯದಲ್ಲಿ ಕ್ರಮ ಆದವರು ಇನ್ನೊಂದು ಕಡೆ ಹೋಗಿ ಕೆಲಸ ಮಾಡಿದರೆ?

ಇದು ನಿಜವಾದ ಸಮಸ್ಯೆ. ಇದಕ್ಕೇ ಅಮೆರಿಕದಲ್ಲಿ 1986ರ ಕಾಯ್ದೆಯ ಕೆಳಗೆ ರಾಷ್ಟ್ರೀಯ ಡೇಟಾ ಬ್ಯಾಂಕ್ ಒಂದನ್ನು ಮಾಡಿದರು. 1990ರಲ್ಲಿ ಅದು ಶುರುವಾಯಿತು. ಶಿಸ್ತುಕ್ರಮ, ನಿರ್ಲಕ್ಷ್ಯದ ಪರಿಹಾರ ಪಾವತಿ ಇವೆಲ್ಲ ಅಲ್ಲಿ ದಾಖಲಾಗುತ್ತವೆ. ವೈದ್ಯರನ್ನು ಸೇರಿಸಿಕೊಳ್ಳುವಾಗ ಆಸ್ಪತ್ರೆಗಳು ಅದನ್ನು ನೋಡಲೇಬೇಕು. ಆದರೆ ಒಬ್ಬೊಬ್ಬ ವೈದ್ಯರ ವಿವರ ಸಾಮಾನ್ಯ ಜನರಿಗೆ ಅಲ್ಲಿ ಸಿಗುವುದಿಲ್ಲ.

ಇಷ್ಟೆಲ್ಲ ಅಧಿಕಾರ ಇದ್ದೂ ಬಳಸದೇ ಹೋದರೆ?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆ ಇದು. ಹೆರಾಲ್ಡ್ ಶಿಪ್‌ಮನ್ ಅನ್ನುವ ಇಂಗ್ಲೆಂಡಿನ ವೈದ್ಯ 1976ರಲ್ಲಿ ಪೆಥಿಡಿನ್ ಅನ್ನುವ ಔಷಧಿಗೆ ಸುಳ್ಳು ಚೀಟಿ ಬರೆದು ಕೋರ್ಟಿನಲ್ಲಿ ತಪ್ಪಿತಸ್ಥನಾದ. ಜನರಲ್ ಮೆಡಿಕಲ್ ಕೌನ್ಸಿಲ್ ಶಿಸ್ತು ವಿಚಾರಣೆ ನಡೆಸದೆ ಎಚ್ಚರಿಕೆ ಪತ್ರ ಕಳಿಸಿ ಮುಗಿಸಿತು. ಆತ ವೃತ್ತಿಗೆ ಮರಳಿದ. 1998ರ ಮಾರ್ಚ್‌ನಲ್ಲಿ ಪಕ್ಕದ ಕ್ಲಿನಿಕ್‌ನ ವೈದ್ಯೆಯೊಬ್ಬರು ಸಾವುಗಳ ಸಂಖ್ಯೆ ಜಾಸ್ತಿ ಇದೆ ಅಂತ ಅಧಿಕಾರಿಗಳಿಗೆ ತಿಳಿಸಿದರು. ಆಗ ನಡೆದ ಪೊಲೀಸ್ ತನಿಖೆಯಲ್ಲಿ ಆತನ ಹಳೆಯ ಅಪರಾಧದ ದಾಖಲೆಯನ್ನು ನೋಡಲಿಲ್ಲ, ಕೌನ್ಸಿಲ್‌ಅನ್ನೂ ಕೇಳಲಿಲ್ಲ. ಅದನ್ನು ಮುಚ್ಚಿದ ಮೇಲೆ ಇನ್ನೂ ಮೂವರು ಸತ್ತರು. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಆತನಿಗೆ ಶಿಕ್ಷೆ ಆಯಿತು. ಆಮೇಲೆ ಜಾನೆಟ್ ಸ್ಮಿತ್ ಅವರ ವಿಚಾರಣಾ ಆಯೋಗ ಕನಿಷ್ಠ 215 ಜನರನ್ನು ಆತ ಕೊಂದಿದ್ದ ಅಂತ ತೀರ್ಮಾನಿಸಿತು.

ಆಯೋಗದ 2004ರ ವರದಿ ಕೌನ್ಸಿಲ್ ಬಗ್ಗೆ ಕಟುವಾಗಿತ್ತು. ರೋಗಿಗಳ ರಕ್ಷಣೆಗಿಂತ ವೈದ್ಯರ ಹಿತವನ್ನೇ ಅದು ಹೆಚ್ಚು ನೋಡಿತು ಅಂತ ಹೇಳಿತು. ಪುರಾವೆಯ ಅಳತೆ ಬದಲಾದದ್ದು, ತೀರ್ಪು ಕೊಡುವ ಕೆಲಸವನ್ನು 2012ರಲ್ಲಿ ಪ್ರತ್ಯೇಕ ನ್ಯಾಯಮಂಡಳಿ ಸೇವೆಗೆ ಕೊಟ್ಟದ್ದು, ಕೌನ್ಸಿಲ್‌ನ 12 ಸದಸ್ಯರಲ್ಲಿ ಅರ್ಧ ಜನ ವೈದ್ಯರಲ್ಲದವರು ಆದದ್ದು, ಇವೆಲ್ಲ ಆ ಕಾಲದ ನಂತರದ ಬದಲಾವಣೆಗಳು. ತನಿಖೆ ಮಾಡುವವರೂ ತೀರ್ಪು ಕೊಡುವವರೂ ಒಂದೇ ವೃತ್ತಿಯ ಒಂದೇ ಗುಂಪು ಆಗಿರುವ ಕಡೆ ಜನರಿಗೆ ನಂಬಿಕೆ ಬರುವುದಿಲ್ಲ. ಅದು ಜನರ ತಪ್ಪಲ್ಲ.

ನನ್ನ ದೂರು ತನಿಖೆಗೆ ದಾರಿ ಮಾಡಿಕೊಡಬೇಕಾದರೆ ಏನು ಬರೆಯಬೇಕು?

ಪರಿಷತ್ತಿನ ಬಲ ದಾಖಲೆ ಕೇಳುವುದರಲ್ಲಿದೆ ಅಂದೆ. ಹಾಗಾಗಿ ಯಾವ ದಾಖಲೆ ಕೇಳಬೇಕು ಅನ್ನುವುದನ್ನು ನಿಮ್ಮ ದೂರೇ ಹೇಳಬೇಕು. "ವೈದ್ಯರು ನಿರ್ಲಕ್ಷ್ಯ ಮಾಡಿದರು" ಅಂತ ಬರೆದರೆ ಅವರಿಗೆ ಹಿಡಿಯಲು ತುದಿ ಸಿಗುವುದಿಲ್ಲ. "ರಾತ್ರಿ 11 ಗಂಟೆಗೆ ಉಸಿರಾಟದ ತೊಂದರೆ ಶುರುವಾಯಿತು, ಎರಡು ಸಲ ನರ್ಸ್ ಹತ್ತಿರ ಹೇಳಿದೆವು, ಬೆಳಿಗ್ಗೆ 6ರವರೆಗೆ ವೈದ್ಯರು ಬರಲಿಲ್ಲ" ಅಂತ ಬರೆದರೆ ತನಿಖಾಧಿಕಾರಿ ನರ್ಸ್‌ಗಳ ಟಿಪ್ಪಣಿ, ಡ್ಯೂಟಿ ಪಟ್ಟಿ, ಫೋನ್ ಕರೆಗಳ ವಿವರ ಮೂರನ್ನೂ ಕೇಳಬಹುದು. ವೈದ್ಯರ ಪೂರ್ತಿ ಹೆಸರು, ಸಿಕ್ಕರೆ ನೋಂದಣಿ ಸಂಖ್ಯೆ, ದಿನಾಂಕ, ಅಲ್ಲಿದ್ದವರ ಹೆಸರು, ನಿಮ್ಮ ಹತ್ತಿರ ಇರುವ ಕಾಗದಗಳ ಪ್ರತಿ ಇರಲಿ. ಮೂಲ ಪ್ರತಿ ಕಳಿಸಬೇಡಿ. ಕಣ್ಣಾರೆ ಕಂಡದ್ದು ಯಾವುದು, ಬೇರೆಯವರು ಹೇಳಿದ್ದು ಯಾವುದು ಅಂತ ಬಿಡಿಸಿ ಬರೆಯಿರಿ.

ಆಮೇಲೆ ದೂರು ಹಿಂದಕ್ಕೆ ತೆಗೆದುಕೊಂಡರೆ ತನಿಖೆ ನಿಲ್ಲುತ್ತದಾ?

ನಿಲ್ಲಲೇಬೇಕು ಅಂತಿಲ್ಲ. ಹಣ ಕೊಟ್ಟು ರಾಜಿ ಮಾಡಿಕೊಂಡರೂ ಇನ್ನೊಬ್ಬ ರೋಗಿಗೆ ಇರುವ ಅಪಾಯ ಹಾಗೇ ಉಳಿದಿರಬಹುದು. ವಿಷಯ ಗಂಭೀರ ಅನ್ನಿಸಿದರೆ ಪರಿಷತ್ತು ತಾನೇ ಮುಂದುವರಿಸಬಹುದು.

ನಾನು ವೈದ್ಯ. ನೋಟಿಸ್ ಬಂದಿದೆ. ಮೊದಲು ಏನು ಮಾಡಲಿ?

ಕೇಸ್ ಶೀಟ್ ಮುಟ್ಟಬೇಡಿ. ಒಂದು ಅಕ್ಷರವನ್ನೂ ತಿದ್ದಬೇಡಿ, ಬಿಟ್ಟುಹೋದದ್ದನ್ನು ಈಗ ಹಳೆಯ ತಾರೀಕು ಹಾಕಿ ಸೇರಿಸಬೇಡಿ. ಚಿಕಿತ್ಸೆಯಲ್ಲಿ ಆದ ತಪ್ಪನ್ನು ಪರಿಷತ್ತುಗಳು ಅರ್ಥ ಮಾಡಿಕೊಳ್ಳುತ್ತವೆ, ಸುಳ್ಳು ದಾಖಲೆಯನ್ನು ಕ್ಷಮಿಸುವುದು ಕಡಿಮೆ. ಕಂಪ್ಯೂಟರ್ ದಾಖಲೆಯಲ್ಲಿ ಯಾರು ಯಾವಾಗ ಬದಲಾಯಿಸಿದರು ಅನ್ನುವುದು ಉಳಿದಿರುತ್ತದೆ. ದೂರು ಕೊಟ್ಟ ರೋಗಿಗೆ ಫೋನ್ ಮಾಡಿ ಒತ್ತಡ ಹಾಕಬೇಡಿ. ವೃತ್ತಿ ವಿಮೆ ಇದ್ದರೆ ಅವರಿಗೆ ತಿಳಿಸಿ, ಇಂತಹ ಪ್ರಕರಣ ನೋಡಿರುವ ವಕೀಲರ ಸಲಹೆ ಪಡೆಯಿರಿ, ಗಡುವಿನೊಳಗೆ ಉತ್ತರ ಕೊಡಿ. ಸಮಯ ಸಾಲದಿದ್ದರೆ ಬರವಣಿಗೆಯಲ್ಲಿ ಕೇಳಿ.

ಮನಸ್ಸಿನ ಆರೈಕೆಯನ್ನೂ ಮರೆಯಬೇಡಿ. ತಿಂಗಳುಗಟ್ಟಲೆ ತನಿಖೆಯ ಕೆಳಗೆ ಬದುಕುವುದು ಯಾರನ್ನಾದರೂ ಕುಗ್ಗಿಸುತ್ತದೆ. ಆಪ್ತರ ಹತ್ತಿರ ಮಾತಾಡಿ, ಬೇಕಾದರೆ ಚಿಕಿತ್ಸೆ ಪಡೆಯಿರಿ.

ತನಿಖೆ ಎಷ್ಟು ದಿನ ಹಿಡಿಯುತ್ತದೆ?

ಒಂಟಾರಿಯೊದ ಕಾಯ್ದೆ 150 ದಿನ ಅನ್ನುತ್ತದೆ, ಭಾರತದ ನಿಯಮ 6 ತಿಂಗಳು. ತಜ್ಞರ ಅಭಿಪ್ರಾಯ ಬರುವುದು ತಡವಾದಾಗ, ದಾಖಲೆ ಸಿಗದಿದ್ದಾಗ, ಕೋರ್ಟಿನಲ್ಲಿ ತಡೆ ಬಿದ್ದಾಗ ಇದಕ್ಕಿಂತ ಎಷ್ಟೋ ಜಾಸ್ತಿ ಹಿಡಿಯುತ್ತದೆ. ದೂರಿನ ಸಂಖ್ಯೆ ಇಟ್ಟುಕೊಂಡು ಆಗಾಗ ಬರವಣಿಗೆಯಲ್ಲೇ ವಿಚಾರಿಸುತ್ತಿರಿ. ಭಾರತದಲ್ಲಿ 6 ತಿಂಗಳು ದಾಟಿದರೆ ಆ ನಿಯಮವನ್ನೇ ಹೆಸರಿಸಿ ಪತ್ರ ಬರೆಯಿರಿ. ಆ ಪತ್ರದ ಪ್ರತಿ ನಿಮ್ಮ ಹತ್ತಿರ ಇರಲಿ, ಮುಂದೆ ಹೈಕೋರ್ಟಿಗೆ ಹೋಗಬೇಕಾದರೆ ಕೆಲಸಕ್ಕೆ ಬರುತ್ತದೆ.